ರೊಕ್ಕಕ್ಕ ತಕ್ಕ ಚಿಕಿತ್ಸೆ ಹೌದೋ ಅಲ್ಲೋ: ಮನ್ಯಾಗ ಕುಂತು ಲೆಕ್ಕ ಹಾಕೋದು ಹೆಂಗ

ಸಿಂಧನೂರಾಗ ನಂದೊಂದು ಮೆಡಿಕಲ್ ಶಾಪ್ ಐತಿ, ಕೌಂಟರ್ ಹಿಂದ ನಿಂತು ಹದಿನೇಳು ವರ್ಷ ಆತು. ಹೋದ ತಿಂಗಳ ಒಂದಿನ ಸಂಜಿಮುಂದ, ಇಲ್ಲೆ ಕ್ಯಾಂಪ್ ಅಂತ ಕರಿಯೋ ಹಳ್ಳಿ ಕಡಿಂದ ಒಬ್ರು ಹಿರ್ಯಾರು ಬಂದ್ರು. ಕೈಯಾಗ ಚೀಟಿ, ಚೀಟ್ಯಾಗ ಐದು ಐಟಂ. ನಾ ಬಿಲ್ ಹಾಕಿ 1,140 ಅಂದೆ, ಅವ್ರು ಅಂಗಿ ಒಳಗಿನ ಕಿಸೆದಿಂದ ಮಡಚಿದ್ದ ನೋಟು ತಗದು ಕೌಂಟರ್ ಮ್ಯಾಲ ಇಟ್ಟು, "ಆರ್ನೂರ್ ಅದಾವ್ರಿ ಅಣ್ಣಾರ, ಇದ್ರಾಗ ಯಾವುದು ಬೇಕ ಬೇಕು, ಯಾವುದು ಇಲ್ಲಂದ್ರೂ ನಡೀತದ, ನೀವ ಹೇಳಿಬಿಡ್ರಿ" ಅಂದ್ರು.

ಈ ಪ್ರಶ್ನಿ ವಾರದಾಗ ನಾಕೈದು ಸಲ ಬರ್ತದ. ದೊಡ್ಡ ಆಪರೇಷನ್ ಇದ್ದಾಗ ಇದ ಪ್ರಶ್ನಿ 600 ಬದ್ಲಿ 2 ಲಕ್ಷದ ಮ್ಯಾಲ ಬರ್ತದ, ಆವಾಗ ಮನಿಮಂದಿ ಎಲ್ಲಾ ಕುಂತು ಜಗಳ ಆಡ್ತಾರ, ಒಬ್ಬಾಂವ "ಜೀವಕ್ಕಿಂತ ರೊಕ್ಕ ಹೆಚ್ಚೇನು" ಅಂತಾನ, ಇನ್ನೊಬ್ಬಾಂವ ಸುಮ್ನ ಎದ್ದು ಹೊರಗ ಹೋಗಿಬಿಡ್ತಾನ. ಯಾರೂ ಲೆಕ್ಕ ಹಾಕೋದಿಲ್ಲ. ಲೆಕ್ಕ ಹಾಕೋದು ಅಂದ್ರ ಕಂಜೂಸತನ ಅಂತ ನಮ್ಮ ತಲ್ಯಾಗ ಕುಂತೈತಿ. ಅಲ್ರಿ, ಗದ್ದಿಗೆ ಒಂದು ಚೀಲ ಗೊಬ್ರ ಹೆಚ್ಚಿಗಿ ಹಾಕ್ಬೇಕಂದ್ರ "ಎಷ್ಟು ಚೀಲ ನೆಲ್ಲು ಹೆಚ್ಚಿಗಿ ಬರ್ತಾವ" ಅಂತ ಕೇಳಾಂವ, ದವಾಖಾನ್ಯಾಗ ಹೊಲ ಮಾರಿ ರೊಕ್ಕ ಕಟ್ಟಬೇಕಾದ್ರ ಅದನ್ನ ಯಾಕ ಕೇಳಬಾರ್ದು? ಹೆಚ್ಚಿಗಿ ಕೊಡೋ ರೊಕ್ಕಕ್ಕ ಹೆಚ್ಚಿಗಿ ಏನು ಸಿಗ್ತದ, ಇಷ್ಟ ಪ್ರಶ್ನಿ. ಸರ್ಕಾರದಾಗ ಇದನ್ನ ಮಾಡಾಕ ದೊಡ್ಡ ದೊಡ್ಡ ಶಾಸ್ತ್ರ ಐತಿ, ನಾ ಅದ್ರಾಗಿಂದ ಮನಿಗೆ ಬೇಕಾದಷ್ಟು ಎತ್ಕೊಂಡು ಹೇಳ್ತೀನಿ.

ಮೊದ್ಲ ಒಂದು ಮಾತು: ಲೆಕ್ಕ ಹಾಕಬಾರದ ಹೊತ್ತು

ಎದಿನೋವು ಬಂದು ಬೆವರು ಕಿತ್ತು ಕುಂತಾರ, ಬಾಯಿ ಸೊಟ್ಟ ಆಗಿ ಒಂದು ಕೈ ಎತ್ತಾಕ ಬರವಲ್ದು, ಗದ್ದ್ಯಾಗ ಹಾವು ಕಡಿದೈತಿ, ಹೆರಿಗಿ ಆದ ಹೆಣ್ಮಗಳಿಗೆ ರಕ್ತ ನಿಲ್ಲವಲ್ದು, ಇಂಥದ್ರಾಗ ಪೆನ್ನು ಹಿಡಿಬ್ಯಾಡ್ರಿ, ಗಾಡಿ ಹಿಡೀರಿ, ಇಲ್ಲಾ 108ಕ್ಕ ಫೋನ್ ಹಚ್ರಿ. ಪಾರ್ಶ್ವವಾಯುದಾಗ ರಕ್ತದ ಗಡ್ಡಿ ಕರಗಿಸೋ ಸೂಜಿ ಕೊಡೋದು ನಾಲ್ಕೂವರೆ ತಾಸಿನೊಳಗ, ಅದು ದಾಟಿದ್ರ ಸಾಮಾನ್ಯವಾಗಿ ಕೊಡಾಕ ಬರಂಗಿಲ್ಲ. ಹಾವಿನ ವಿಷಕ್ಕ ಕೊಡೋ ಸೂಜಿ ಸರ್ಕಾರಿ ದವಾಖಾನ್ಯಾಗ ಪುಕ್ಕಟ ಸಿಗ್ತದ, ಅದಕ್ಕಿಂತ ಸಸ್ತಾ ಜೀವ ಉಳಿಸೋದು ಇನ್ನೊಂದಿಲ್ಲ, ಆದ್ರೂ ನಮ್ಮ ಕಡಿ ಮೊದ್ಲು ಮಂತ್ರ ಹಾಕಸಾಕ ಹೋಗಿ ಎರಡು ತಾಸು ಕಳ್ಕೊಂಡು ಬರ್ತಾರ.

ಮುಂದ ಹೇಳೋದೆಲ್ಲಾ ವಾರ-ಹದಿನೈದು ದಿನ ಯೋಚ್ನಿ ಮಾಡಾಕ ಟೈಮ್ ಇರೋ ಚಿಕಿತ್ಸೆಗೆ: ಮೊಣಕಾಲು, ಕಣ್ಣಿನ ಪೊರಿ, ಬಿಪಿ-ಶುಗರ್ ಗುಳಿಗಿ, ತಿಂಗ್ಳಗಟ್ಲೆ ನಡಿಯೋ ಔಷಧಿ, ಅರ್ಜಂಟ್ ಇಲ್ಲದ ಆಪರೇಷನ್.

ಹೆಜ್ಜಿ 1: ಯಾವುದಕ್ಕ ಯಾವುದನ್ನ ತಾಳಿ ಹಾಕಿ ಹೋಲಿಸ್ತೀರಿ ಅಂತ ಬರ್ಕೊಳ್ರಿ

ಒಂದು ನೋಟ್‌ಬುಕ್ ತಗೋರಿ. "ಈ ಆಪರೇಷನ್ ರೊಕ್ಕಕ್ಕ ತಕ್ಕದ್ದೇನು" ಅನ್ನೋ ಪ್ರಶ್ನಿಗೆ ಉತ್ತರ ಇಲ್ಲ, ಯಾಕಂದ್ರ ಯಾವುದರ ಮುಂದ ಅಂತ ಹೇಳಿಲ್ಲ. ಪುಟದಾಗ ಮೂರು ಕಾಲಂ ಗೀಚ್ರಿ. ಒಂದು, ಈಗ ಮಾಡ್ತಿರೋದು ಹಂಗ ಮುಂದುವರ್ಸೋದು. ಎರಡು, ಡಾಕ್ಟ್ರು ಹೇಳಿರೋದು. ಮೂರು, ನಡಬರಕದ ದಾರಿ ಯಾವುದರ ಇದ್ರ ಅದು. ಈ ಮೂರನೇದು ಡಾಕ್ಟ್ರು ತಾವಾಗೇ ಹೇಳಂಗಿಲ್ಲ, ನೀವ ಕೇಳ್ಬೇಕು. "ಸಾರ್, ಇದು ಮಾಡ್ಸದಿದ್ರ ಮುಂದಿನ ಒಂದು ವರ್ಷದಾಗ ಏನಾಗ್ತದ? ಇದಕ್ಕ ಬದ್ಲಿ ಬ್ಯಾರೆ ಏನರ ಐತೇನ್ರಿ?" ಅಂತ ಮೆಲ್ಲಕ ಕೇಳಿದ್ರ ಒಳ್ಳೆ ಡಾಕ್ಟ್ರು ಸಿಟ್ಟಾಗಂಗಿಲ್ಲ. ಸಿಟ್ಟಾದ್ರು ಅಂದ್ರ ಅದೂ ಒಂದು ಮಾಹಿತಿನ.

ಹೆಜ್ಜಿ 2: ಪೂರಾ ಖರ್ಚು ಹಿಡೀರಿ, ಬಿಲ್ ಅಷ್ಟ ಅಲ್ಲ

ಎಲ್ಲಾರೂ ತಪ್ಪೋದು ಇಲ್ಲೆ, ಅದಕ್ಕ ನಮ್ಮ ಅವ್ವನ ಕಣ್ಣಿನ ಲೆಕ್ಕ ಹಂಗ ಬಿಚ್ಚಿ ಇಡ್ತೀನಿ.

ಅವ್ವಗ ಎರಡೂ ಕಣ್ಣಿಗೆ ಪೊರಿ ಬಂದಿತ್ತು. ಒಂದು ದಾರಿ, ಬಳ್ಳಾರ್ಯಾಗ ಒಂದು ಪ್ರೈವೇಟ್ ಕಣ್ಣಿನ ದವಾಖಾನಿ, ಮಷೀನ್‌ದಿಂದ ಮಾಡೋ ಫೇಕೋ ಆಪರೇಷನ್, ಮಡಚೋ ಲೆನ್ಸು, ಪ್ಯಾಕೇಜ್ 28,000. ಇನ್ನೊಂದು ದಾರಿ, ಸರ್ಕಾರದ ಅಂಧತ್ವ ನಿವಾರಣೆ ಕ್ಯಾಂಪು, ಸಣ್ಣ ಗಾಯ ಮಾಡಿ ಹೊಲಿಗಿ ಹಾಕದ ಮಾಡೋ ಆಪರೇಷನ್, ಲೆನ್ಸು ಸೇರಿ ಪುಕ್ಕಟ. ನಾ ಬರ್ಕೊಂಡಿದ್ದು ಹಿಂಗ:

ಬಳ್ಳಾರಿ: ಪ್ಯಾಕೇಜ್ 28,000, ಮೂರು ಸಲ ಇಬ್ರು ಹೋಗಿಬರಾಕ ಬಸ್ಸು ಆಟೋ ಊಟ ಸೇರಿ 2,400, ಅಂಗಡಿ ನೋಡ್ಕೊಳ್ಳಾಕ ಹುಡುಗನ ಪಗಾರ 1,500, ಡ್ರಾಪ್ಸು 900. ಒಟ್ಟು 32,800.
ಕ್ಯಾಂಪು: ಆಪರೇಷನ್ 0, ಆಟೋ ಊಟ 600, ಹುಡುಗನ ಪಗಾರ 1,500, ಕರಿ ಚಸ್ಮಾ ಅದೂ ಇದೂ 400. ಒಟ್ಟು 2,500.

ನೋಡ್ರಿ, ಪುಕ್ಕಟ ಅಂದಿದ್ದು ಪುಕ್ಕಟ ಅಲ್ಲ, 28,000 ಅಂದಿದ್ದು 28,000 ಅಲ್ಲ. ಫರಕು 30,300. ಆ 30,300ಕ್ಕ ಹೆಚ್ಚಿಗಿ ಏನು ಸಿಗ್ತಿತ್ತು? ಇಲ್ಲೆ ಒಂದು ಒಳ್ಳೆ ಅಧ್ಯಯನ ಐತಿ, ನೇಪಾಳದ ಕಣ್ಣಿನ ಡಾಕ್ಟರ್ ಸಂದುಕ್ ರುಯಿತ್ ತಂಡದವ್ರು 2007ರಾಗ ಪ್ರಕಟ ಮಾಡಿದ್ದು, 108 ಮಂದಿಗೆ ಚೀಟಿ ಎತ್ತಿದಂಗ ಅರ್ಧ ಮಂದಿಗೆ ಫೇಕೋ, ಅರ್ಧ ಮಂದಿಗೆ ಸಣ್ಣ ಗಾಯದ ಆಪರೇಷನ್ ಮಾಡಿ ಆರು ತಿಂಗಳ ಬಿಟ್ಟು ನೋಡಿದ್ರು. ಚಸ್ಮಾ ಹಾಕಿ ನೋಡಿದಾಗ ಎರಡೂ ಗುಂಪಿನ್ಯಾಗ ನೂರಕ್ಕ 98 ಮಂದಿಗೆ ದೃಷ್ಟಿ ಚಲೋ ಬಂದಿತ್ತು. ಸಣ್ಣ ಗಾಯದ್ದು ಸರಾಸರಿ 9 ನಿಮಿಷದಾಗ ಮುಗೀತು, ಫೇಕೋಗೆ 15.5 ನಿಮಿಷ, ಖರ್ಚೂ ಫೇಕೋದ್ದ ಹೆಚ್ಚು. ಫೇಕೋದಾಗ ಗಾಯ ಇನ್ನೂ ಸಣ್ಣದು, ಹಂಗಾಗಿ ಚಸ್ಮಾ ಇಲ್ಲದ ನೋಡೋದು ಸ್ವಲ್ಪ ಚಲೋ ಇರಬಹುದು, ಅದು ಖರೇ. ಆದ್ರ ಅವ್ವಗ ಬೇಕಾಗಿದ್ದು ಅಕ್ಕ್ಯಾಗಿನ ಹಳ್ಳು ಕಾಣೋದು, ಟಿವಿ ನೋಡೋದು. ಚಸ್ಮಾ ಇಲ್ಲದ ಸ್ವಲ್ಪ ಚಲೋ ಕಾಣಾಕ 30,300 ಕೊಡೋದು ಬ್ಯಾಡ ಅಂತ ಕ್ಯಾಂಪಿಗೆ ಹೋದ್ವಿ. ನಮ್ಮ ಅಕ್ಕ ಇನ್ನೂ "ಅವ್ವನ ಕಣ್ಣಿನ್ಯಾಗ ರೊಕ್ಕ ಉಳಿಸಿದ" ಅಂತ ಚುಚ್ತಾಳ, ಇರ್ಲಿ. ಇದ ಲೆಕ್ಕ ಒಬ್ಬ ಡ್ರೈವರ್ ಹಾಕಿದ್ರ, ದಿನಾ ದುಡೀಲಿಕ್ಕ ಕಣ್ಣು ಬೇಕಾದಾಂವ, ಉತ್ತರ ಬ್ಯಾರೆ ಬಂದೀತು. ತಪ್ಪೇನಿಲ್ಲ ಅದ್ರಾಗ.

ಖರ್ಚಿನ ಕಾಲಂದಾಗ ಜನ ಮರಿಯೋ ಮೂರು ಬಾಬ್ತು ಅದಾವ.

ಒಂದು ಕೂಲಿ. ನಾಟಿ ಹೊತ್ತಿನ್ಯಾಗ, ಹತ್ತಿ ಬಿಡ್ಸೋ ಹೊತ್ತಿನ್ಯಾಗ ಹದಿನೈದು ದಿನ ಮಲಗೋದಕ್ಕೂ ಬ್ಯಾಸಿಗ್ಯಾಗ ಕಾಲುವಿ ಬಂದ್ ಆದ ಮ್ಯಾಲ ಮಲಗೋದಕ್ಕೂ ಖರ್ಚಿನ್ಯಾಗ ಬಾಳ ಫರಕ್ ಐತಿ. ಅರ್ಜಂಟ್ ಇಲ್ಲದ ಆಪರೇಷನ್‌ನ ತಾರೀಖು ಮುಂದ ಹಾಕೋದು ಪುಕ್ಕಟ ಸಿಗೋ ಡಿಸ್ಕೌಂಟ್. ಪೇಷಂಟ್ ಕೂಲಿ ಅಷ್ಟ ಅಲ್ಲ, ಜೊತಿಗೆ ಕುಂದ್ರಾಂವನ ಕೂಲಿನೂ ಬರೀರಿ.

ಎರಡು ಬಡ್ಡಿ. ದಲ್ಲಾಳಿ ಅಂಗಡ್ಯಾಗ ನೂರಕ್ಕ ತಿಂಗ್ಳಿಗೆ 3 ರೂಪಾಯಿ ಅಂತ ತಂದಿದ್ರ ಅದು ವರ್ಷಕ್ಕ ನೂರಕ್ಕ 36. ಒಂದು ಲಕ್ಷ ತಂದು ಎರಡು ವರ್ಷ ತೀರಿಸದಿದ್ರ ಚಿಕಿತ್ಸೆಯ ಖರ್ಚು 1 ಲಕ್ಷ ಅಲ್ಲ, 1,72,000. ಈ 72,000 ಯಾವ ದವಾಖಾನಿ ಬಿಲ್ಲಿನ್ಯಾಗೂ ಇರಂಗಿಲ್ಲ.

ಮೂರು ಕಾಯೋ ಖರ್ಚು. ಅವ್ವನ ಕ್ಯಾಂಪಿನ ತಾರೀಖು ಎರಡು ತಿಂಗಳ ಮುಂದ ಇತ್ತು, ಅಷ್ಟ್ರಾಗ ಒಮ್ಮಿ ಬಚ್ಚಲದಾಗ ಜಾರಿದ್ಲು. ಏನೂ ಆಗಲಿಲ್ಲ, ದೇವ್ರು ದೊಡ್ಡಾಂವ, ಆದ್ರ ಟೊಂಕ ಮುರಿದಿದ್ರ ನನ್ನ 2,500ರ ಲೆಕ್ಕ ನೀರಾಗ ಹೋಗ್ತಿತ್ತು.

ಮತ್ತ ಈಗಾಗಲೇ ಖರ್ಚಾದ ರೊಕ್ಕ ಕಾಲಂದಾಗ ಬರಿಬ್ಯಾಡ್ರಿ. "80,000 ಹಾಕೀವಿ, ಈಗ ಹಿಂದಕ ಸರಿಯಾಕ ಆಗ್ತದೇನು" ಅಂತಾರ. ಆ 80,000 ಹೋತು. ಮುಂದ ಹಾಕೋ ರೊಕ್ಕಕ್ಕ ಮುಂದ ಏನು ಸಿಗ್ತದ ಅನ್ನೋದಷ್ಟ ನೋಡ್ರಿ.

ಹೆಜ್ಜಿ 3: ಲಾಭ ಎಷ್ಟು? "ಅರ್ಧಕ್ಕರ್ಧ ಕಡಿಮಿ" ಅಂದ್ರ ನಂಬಿಬಿಡಬ್ಯಾಡ್ರಿ

ಕಂಪನಿ ರೆಪ್ರಸೆಂಟೇಟಿವ್‌ಗಳು ಬ್ಯಾಗು ಹಿಡ್ಕೊಂಡು ಬರ್ತಾರಲ್ಲ, ಅವ್ರ ಬಾಯಾಗ ಈ ಮಾತು ಬಾಳ. "ಈ ಗುಳಿಗಿ ಹಾರ್ಟ್ ಅಟ್ಯಾಕ್ ರಿಸ್ಕ್ 50 ಪರ್ಸೆಂಟ್ ಕಡಿಮಿ ಮಾಡ್ತದ." ಸುಳ್ಳಲ್ಲ, ಆದ್ರ ಅರ್ಧ ಮಾತು. ಒಂದು ಉದಾಹರಣಿ ಹಿಡೀರಿ, ಔಷಧಿ ಇಲ್ಲದ ಐದು ವರ್ಷದಾಗ ನೂರು ಮಂದ್ಯಾಗ 4 ಮಂದಿಗೆ ಅಟ್ಯಾಕ್ ಆಗ್ತದ, ಔಷಧಿ ತಗೊಂಡ್ರ 2 ಮಂದಿಗೆ. 4 ಹೋಗಿ 2 ಆತು, ಅರ್ಧ. ಆದ್ರ ನೂರು ಮಂದಿ ಐದು ವರ್ಷ ನುಂಗಿದ್ರ ಇಬ್ರಿಗೆ ಉಪಯೋಗ, ಅಂದ್ರ ಒಬ್ರನ್ನ ಉಳ್ಸಾಕ 50 ಮಂದಿ ನುಂಗ್ಬೇಕು. ಈ "ಎಷ್ಟು ಮಂದಿಗೆ ಕೊಟ್ರ ಒಬ್ರಿಗೆ ಉಪಯೋಗ" ಅನ್ನೋ ಲೆಕ್ಕ 1988ರಾಗ ಕೆನಡಾದ ಡಾಕ್ಟ್ರು ಬರದಿದ್ದು, ನನಗಂತೂ ಈ ಕೆಲಸದಾಗ ಇದಕ್ಕಿಂತ ಉಪಯೋಗದ ಲೆಕ್ಕ ಸಿಕ್ಕಿಲ್ಲ. ಈಗ ಖರ್ಚು ಹಾಕ್ರಿ. ಆ ಗುಳಿಗಿ ತಿಂಗಳಿಗೆ 60 ರೂಪಾಯಿ ಆದ್ರ ಐದು ವರ್ಷಕ್ಕ 3,600, 50 ಮಂದಿಗೆ 1,80,000, ಒಂದು ಅಟ್ಯಾಕ್ ತಪ್ಪಿಸಾಕ. ಅದ ಔಷಧಿ ದೊಡ್ಡ ಬ್ರಾಂಡಿಂದು ತಿಂಗಳಿಗೆ 600 ಆದ್ರ 18 ಲಕ್ಷ. ಔಷಧಿ ಅದ, ಉಪಯೋಗ ಅದ.

ಇನ್ನೊಂದು, ಉಪಯೋಗ ಅನ್ನೋದು ರಿಪೋರ್ಟಿನ ನಂಬರ್ ಇಳಿಯೋದಲ್ಲ, ಬದುಕಿನ್ಯಾಗ ಕಾಣೋದು: ನಡಿಯೋದು, ನಿದ್ದಿ ಬರೋದು, ಸಾಯದಿರೋದು.

ಚಿಕಿತ್ಸೆ ಒಂದ ಇದ್ರೂ ಮನುಷ್ಯ ಬದಲಾದ್ರ ಉಪಯೋಗ ಬದಲಾಗ್ತದ. ಸ್ಟೆಂಟ್ ತಗೋರಿ, ಹಾರ್ಟಿನ ರಕ್ತನಾಳದಾಗ ಇಡೋ ಸಣ್ಣ ಜಾಳಿಗಿ ನಳಿಗಿ. ಹಾರ್ಟ್ ಅಟ್ಯಾಕ್ ನಡದಾಗ ಕಟ್ಟಿದ ರಕ್ತನಾಳ ತೆರಿಯೋ ಸ್ಟೆಂಟ್ ಜೀವ ಉಳಸ್ತದ, ಅಲ್ಲೆ ವಾದ ಇಲ್ಲ. ಆದ್ರ ಗುಡ್ಡ ಏರಿದಾಗಷ್ಟ ಎದಿ ಬಿಗಿಯೋ, ಕುಂತ್ರ ಕಡಿಮಿ ಆಗೋ, ತಿಂಗಳಗಟ್ಲೆ ಹಂಗ ಇರೋ ನೋವಿನಾಗ? ಅಮೆರಿಕಾ-ಕೆನಡಾದಾಗ 2,287 ಮಂದಿ ಮ್ಯಾಲ ಮಾಡಿದ ಕರೇಜ್ ಅಧ್ಯಯನ, 2007ರಾಗ ಬಂದಿದ್ದು, ಇಂಥವ್ರಿಗೆ ಚಲೋ ಔಷಧಿ ಜೊತಿಗೆ ಸ್ಟೆಂಟ್ ಹಾಕಿದ್ರೂ ಬರೇ ಔಷಧಿ ಕೊಟ್ರೂ ಸಾವು, ಅಟ್ಯಾಕ್‌ದಾಗ ಫರಕ್ ಕಾಣ್ಲಿಲ್ಲ ಅಂತ ತೋರ್ಸ್ತು. 2020ರಾಗ 5,179 ಮಂದಿಯ ಇಸ್ಕೀಮಿಯಾ ಅಧ್ಯಯನನೂ ಹೆಚ್ಚು ಕಡಿಮಿ ಅದನ್ನ ಹೇಳ್ತು, ನೋವು ಬಾಳ ಇದ್ದವ್ರಿಗೆ ಸ್ಟೆಂಟ್‌ದಿಂದ ನೋವು ಕಡಿಮಿ ಆಗ್ತದ ಅನ್ನೋದು ಬ್ಯಾರೆ ಮಾತು. ಎಡಗಡಿ ಮುಖ್ಯ ನಾಳ ಕಟ್ಟಿದ್ರ, ಹಾರ್ಟ್ ಪಂಪಿಂಗ್ ಬಾಳ ಬಿದ್ದಿದ್ರ ಈ ಮಾತು ಅನ್ವಯ ಆಗಂಗಿಲ್ಲ. ಹಂಗಾಗಿ ಡಾಕ್ಟ್ರಿಗೆ ಕೇಳೋದು: "ಸಾರ್, ಇದು ಜೀವ ಉಳ್ಸಾಕ ಹಾಕೋದೋ, ನೋವು ಕಡಿಮಿ ಮಾಡಾಕ ಹಾಕೋದೋ?" ಈ ಒಂದು ಪ್ರಶ್ನಿಗೆ ಲಕ್ಷ ರೂಪಾಯಿ ಬೆಲಿ ಐತಿ.

ಹೆಜ್ಜಿ 4: ಗಟ್ಟಿ ವರ್ಷ ಎಣಸೋದು

ಕಣ್ಣಿಗೊಂದು ಲೆಕ್ಕ, ಕಾಲಿಗೊಂದು ಲೆಕ್ಕ ಇದ್ರ ತಾಳಿ ಹಾಕೋದು ಹೆಂಗ? ಅದಕ್ಕ ಆರೋಗ್ಯದ ಅರ್ಥಶಾಸ್ತ್ರದವ್ರು ಒಂದು ಅಳತಿ ಮಾಡ್ಕೊಂಡಾರ, ಕ್ವಾಲಿ ಅಂತಾರ. ನಾ ಅದಕ್ಕ ಗಟ್ಟಿ ವರ್ಷ ಅಂತೀನಿ. ಪೂರಾ ಆರೋಗ್ಯದಾಗ ಕಳದ ಒಂದು ವರ್ಷಕ್ಕ 1. ಸತ್ರ 0. ಅರ್ಧ ಜೀವದಾಗ ನರಳ್ಕೋತ ಕಳದ ವರ್ಷಕ್ಕ 0.5. ಎರಡು ವರ್ಷ ಹಂಗ ಕಳದ್ರ ಒಂದು ಗಟ್ಟಿ ವರ್ಷ ಆದಂಗ.

ಈ 0.5, 0.7 ಎಲ್ಲಿಂದ ಬರ್ತಾವ ಅಂದ್ರ, ಜಗತ್ತಿನ್ಯಾಗ ಹೆಚ್ಚು ಬಳಸೋ ಪ್ರಶ್ನಾವಳ್ಯಾಗ ಐದ ಪ್ರಶ್ನಿ ಅದಾವ: ನಡದಾಡಾಕ ಆಗ್ತದೇನು, ಜಳಕ-ಅರಿವಿ ತನ್ನಷ್ಟಕ್ಕ ತಾ ಮಾಡ್ಕೊಳ್ಳಾಕ ಆಗ್ತದೇನು, ದಿನದ ಕೆಲಸ ಆಗ್ತದೇನು, ನೋವು ಎಷ್ಟು, ಚಿಂತಿ-ಬ್ಯಾಸರ ಎಷ್ಟು. ಮನ್ಯಾಗ ದಶಮಾಂಶ ಬ್ಯಾಡ, ಈ ಐದನ್ನ ಪೇಷಂಟಿಗೆ ಕೇಳ್ರಿ. ಪೇಷಂಟಿಗೇ ಕೇಳ್ರಿ, ಮಗನಿಗೆ ಅಲ್ಲ. ಮಗ "ಅಪ್ಪಗ ನಡಿಯಾಕ ಆಗ್ಬೇಕು" ಅಂತಾನ, ಅಪ್ಪ "ನಡಿಯೋದು ಹಾಳಾಗ್ಲಿ, ರಾತ್ರಿ ನಿದ್ದಿ ಬಂದ್ರ ಸಾಕು" ಅಂತಾನ. ಎರಡಕ್ಕೂ ಚಿಕಿತ್ಸೆ ಬ್ಯಾರೆ ಬ್ಯಾರೆ.

ಈಗ ಮೊಣಕಾಲು ಬದಲಿ ಮಾಡೋ ಆಪರೇಷನ್ ಲೆಕ್ಕ ಹಾಕೂಣು. ಅಂಕಿ ಎಲ್ಲಾ ಲೆಕ್ಕ ತೋರ್ಸಾಕ ನಾ ಹಿಡಿದಿರೋದು, ನಿಮ್ಮ ಅಂಕಿ ನೀವ ತುಂಬ್ಕೊಳ್ರಿ.

ಒಬ್ಬ ಹೆಣ್ಮಗಳು, 62 ವರ್ಷ, ಬ್ಯಾರೆ ದೊಡ್ಡ ರೋಗ ಇಲ್ಲ. ಆಪರೇಷನ್ ಇಲ್ಲದ, ಗುಳಿಗಿ-ಸೂಜಿ-ಮುಲಾಮಿನ ಮ್ಯಾಲ ಹತ್ತು ವರ್ಷ, ವರ್ಷಕ್ಕ 5,000ದಂಗ 50,000, ವರ್ಷಕ್ಕ 0.5ರಂಗ 5 ಗಟ್ಟಿ ವರ್ಷ. ಆಪರೇಷನ್ ಮಾಡ್ಸಿದ್ರ ಎಲ್ಲಾ ಸೇರಿ 2,00,000, ವರ್ಷಕ್ಕ 0.7ರಂಗ 7 ಗಟ್ಟಿ ವರ್ಷ. ಹೆಚ್ಚಿಗಿ ಖರ್ಚು 1,50,000, ಹೆಚ್ಚಿಗಿ ಸಿಕ್ಕಿದ್ದು 2 ಗಟ್ಟಿ ವರ್ಷ. ಭಾಗಿಸ್ರಿ, ಒಂದು ಗಟ್ಟಿ ವರ್ಷಕ್ಕ 75,000. ಈ ಭಾಗಾಕಾರನ ಇಡೀ ಶಾಸ್ತ್ರದ ನಡುಮನಿ, ಉಳಿದಿದ್ದೆಲ್ಲಾ ಪಡಸಾಲಿ.

ಅದ ಆಪರೇಷನ್ ಕಿಡ್ನಿ, ಹಾರ್ಟ್ ಎರಡೂ ಸೋತಿರೋ 80 ವರ್ಷದ ಅಜ್ಜಗ ಮಾಡ್ಸಿದ್ರ? ಮೂರು ವರ್ಷ ಅಂತ ಹಿಡೀರಿ. ಹೆಚ್ಚಿಗಿ ಖರ್ಚು 2,00,000ದಾಗ 15,000 ಕಳದು 1,85,000, ಹೆಚ್ಚಿಗಿ ಸಿಕ್ಕಿದ್ದು 0.6. ಒಂದು ಗಟ್ಟಿ ವರ್ಷಕ್ಕ 3 ಲಕ್ಷದ ಮ್ಯಾಲ, ಆಪರೇಷನ್‌ದಾಗಿನ ಅಪಾಯ ಬ್ಯಾರೆ. ಚಿಕಿತ್ಸೆ ತುಟ್ಟಿ ಆಗಲಿಲ್ಲ, ಸಿಗೋದು ಕಡಿಮಿ ಆತು.

ದೊಡ್ಡ ಲೆಕ್ಕದಾಗ ಇನ್ನೊಂದು ಮಾಡ್ತಾರ, ಮುಂದ ಬರೋ ಖರ್ಚು ಮತ್ತ ಲಾಭ ಎರಡನ್ನೂ ವರ್ಷಕ್ಕ ನೂರಕ್ಕ 3ರಂಗ ಇಳಿಸ್ತಾರ, ಇವತ್ತಿನ ರೊಕ್ಕಕ್ಕ ಬೆಲಿ ಹೆಚ್ಚು ಅಂತ. ಮನಿ ಲೆಕ್ಕಕ್ಕ ಇದು ಬಿಟ್ರೂ ನಡೀತದ.

ಭಾಗಿಸೋಕಿಂತ ಮೊದ್ಲ ಒಂದು ಕೆಲಸ: ಖರ್ಚು ಹೆಚ್ಚು, ಉಪಯೋಗ ಅಷ್ಟ ಇಲ್ಲಾ ಕಡಿಮಿ, ಇಂಥ ಕಾಲಂನ ಗೀಟು ಹಾಕಿ ಹೊಡದುಬಿಡ್ರಿ. ಅದಕ್ಕ ಯಾವ ಲೆಕ್ಕನೂ ಬ್ಯಾಡ.

ಹೆಜ್ಜಿ 5: 75,000 ಹೆಚ್ಚೋ ಕಡಿಮಿನೋ?

ಇಂಗ್ಲೆಂಡಿನ್ಯಾಗ 1999ರಾಗ ನೈಸ್ ಅಂತ ಒಂದು ಸಂಸ್ಥಾ ಮಾಡಿದ್ರು, ಅವ್ರು ಬಾಳ ವರ್ಷ ಒಂದು ಗಟ್ಟಿ ವರ್ಷಕ್ಕ 20,000ದಿಂದ 30,000 ಪೌಂಡ್ ಅನ್ನೋ ಗೆರಿ ಹಿಡ್ಕೊಂಡು ಔಷಧಿಗೆ ಹೌದು ಅಲ್ಲ ಅಂದ್ರು. ನಮ್ಮ ದೇಶದಾಗ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ ಕೈಕೆಳಗ ಹೆಲ್ತ್ ಟೆಕ್ನಾಲಜಿ ಅಸೆಸ್‌ಮೆಂಟ್ ಇನ್ ಇಂಡಿಯಾ ಅಂತ ಇಂಥದ್ದ ಒಂದು ಸಂಸ್ಥಾ ಐತಿ, 2017ರಾಗ ಶುರು ಆಗಿದ್ದು. ಇಲ್ಲೆ ಸಾಮಾನ್ಯವಾಗಿ ದೇಶದ ತಲಾ ಜಿಡಿಪಿನ, ಅಂದ್ರ ದೇಶದ ವರ್ಷದ ಒಟ್ಟು ಉತ್ಪನ್ನದಾಗ ಒಬ್ರ ಪಾಲಿಗೆ ಬರೋದನ್ನ, ಗೆರಿ ಅಂತ ಹಿಡೀತಾರ, ಅದು 2 ಲಕ್ಷದ ಮ್ಯಾಲ, 3 ಲಕ್ಷದ ಒಳಗ. ಆ ಗೆರಿಗೆ ಹಿಡದ್ರ ಹೆಣ್ಮಗಳ ಮೊಣಕಾಲು ಪಾಸು, ಅಜ್ಜನ ಮೊಣಕಾಲು ಫೇಲು.

ಆದ್ರ ಇದು ಸರ್ಕಾರದ ಗೆರಿ ನೋಡ್ರಿ, ನಿಮ್ಮ ಮನಿದಲ್ಲ. ರೊಕ್ಕಕ್ಕ ತಕ್ಕದ್ದು ಅನ್ನೋದು ಒಂದು, ನಮ್ಮ ಕೈಲಿ ಆಗ್ತದೋ ಇಲ್ಲೋ ಅನ್ನೋದು ಇನ್ನೊಂದು. 75,000ಕ್ಕ ಒಂದು ಗಟ್ಟಿ ವರ್ಷ ಚಲೋ ವ್ಯಾಪಾರನ, ಆದ್ರ ಅದಕ್ಕ ಮಗಳ ಕಾಲೇಜ್ ಬಿಡ್ಸಿ, ಇರೋ ಎರಡೆಕ್ರಿ ಗಿರವಿ ಇಡೋದಾದ್ರ? ಆರೋಗ್ಯಕ್ಕ ಹೋಗೋ ರೊಕ್ಕ ಮನಿಯ ವರ್ಷದ ಒಟ್ಟು ಖರ್ಚಿನ ನೂರಕ್ಕ 10 ದಾಟಿದ್ರ ಅದು ದೊಡ್ಡ ಹೊಡ್ತ ಅಂತ ಜಾಗತಿಕ ಲೆಕ್ಕದಾಗ ಬಾಳ ವರ್ಷ ಎಣಸ್ತಿದ್ರು. ಇದನ್ನ ನಿಮ್ಮ ಗೆರಿ ಅಂತ ಇಟ್ಕೊಳ್ರಿ. ಅದನ್ನ ದಾಟ್ತದ ಅಂದ್ರ ಚಿಕಿತ್ಸೆ ಬಿಡ್ರಿ ಅಂತಲ್ಲ, ಮುಂದಿನ ಹೆಜ್ಜಿ ಮುಗಿಸದ ಸಹಿ ಹಾಕಬ್ಯಾಡ್ರಿ ಅಂತ.

ಹೆಜ್ಜಿ 6: ಬ್ಯಾಡ ಅನ್ನೋಕಿಂತ ಮೊದ್ಲ ರೇಟು ಇಳಸ್ರಿ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು. ಬಿಪಿಎಲ್ ಮನಿಗೆ ವರ್ಷಕ್ಕ 5 ಲಕ್ಷದ ತನಕ. ಎಪಿಎಲ್ ಇದ್ದವ್ರಿಗೆ ಪ್ಯಾಕೇಜ್ ರೇಟಿನ ನೂರಕ್ಕ 30, ವರ್ಷಕ್ಕ ಒಂದು ಮನಿಗೆ 1.5 ಲಕ್ಷದ ತನಕ. ಎಪಿಎಲ್‌ದವ್ರು "ನಮಗೇನೂ ಬರಂಗಿಲ್ಲ" ಅಂತ ಕಾರ್ಡ್ ಮಾಡ್ಸೋದ ಇಲ್ಲ, ಹಂಗ ಮಾಡಬ್ಯಾಡ್ರಿ. ಅರ್ಜಂಟ್ ಅಲ್ಲದ್ದಕ್ಕ ಮೊದ್ಲು ಸರ್ಕಾರಿ ದವಾಖಾನಿಗೆ ಹೋಗಿ, ಅಲ್ಲೆ ಆಗದಿದ್ರ ರೆಫರಲ್ ಬರಿಸ್ಕೊಂಡು ಪ್ರೈವೇಟಿಗೆ ಹೋಗೋದು ಕ್ರಮ. ರಾಯಚೂರು ರಿಮ್ಸು, ಬಳ್ಳಾರಿ ವಿಮ್ಸು (ಹೆಸರು ಬದಲ್ಯಾಗೈತಿ, ಜನ ಇನ್ನೂ ವಿಮ್ಸ ಅಂತಾರ), ಕೊಪ್ಪಳ ಕಿಮ್ಸು, ಈ ಮೂರ್ರಾಗ ಯಾವುದು ಹತ್ರ ಅಂತ ನೋಡ್ಕೊಳ್ರಿ. ಮೊದ್ಲ ಪ್ರೈವೇಟಿನ್ಯಾಗ ಅಡ್ಮಿಟ್ ಆಗಿ ಆಮ್ಯಾಲ ಕಾರ್ಡ್ ತಗದ್ರ ಓಡಾಟ ತಪ್ಪಂಗಿಲ್ಲ. ಎಮರ್ಜೆನ್ಸಿಗೆ ರೆಫರಲ್ ಬ್ಯಾಡ.

ಈ ಕಾರ್ಡಿಗೆ ನಮ್ಮ ಭಾಗದ್ದ ಒಂದು ಹಿನ್ನೆಲಿ ಐತಿ. ವಾಜಪೇಯಿ ಆರೋಗ್ಯಶ್ರೀ 2010ರಾಗ ಮೊದ್ಲ ಶುರು ಆಗಿದ್ದ ಕಲಬುರಗಿ ವಿಭಾಗದಾಗ, ಅಂದ್ರ ನಮ್ಮ ಬಳ್ಳಾರಿ ರಾಯಚೂರು ಕೊಪ್ಪಳನೂ ಅದ್ರಾಗ ಬಂದ್ವು. ಯೋಜನೆ ಇದ್ದ ಕಡಿ ಹಳ್ಳಿ, ಗಡಿಯ ಆಚಿಗೆ ಯೋಜನೆ ಇಲ್ಲದ ಹಳ್ಳಿ ತಾಳಿ ಹಾಕಿ ಮಾಡಿದ ಅಧ್ಯಯನ 2014ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್‌ದಾಗ ಬಂತು. ಬಡವರ ಮನ್ಯಾಗ ಯೋಜನೆ ವ್ಯಾಪ್ತಿಯ ರೋಗದಿಂದ ಸತ್ತವ್ರು ಯೋಜನೆ ಇದ್ದ ಕಡಿ ನೂರಕ್ಕ 0.32, ಇಲ್ಲದ ಕಡಿ 0.90. ಕಾರ್ಡು ಸುಮ್ನ ಕಾಗದ ಅಲ್ಲ.

ಔಷಧಿ ಮಾತಿಗೆ ಬರೂಣು, ಇದು ನನ್ನ ಅಂಗಡಿ ಮಾತು, ನನ್ನ ಹೊಟ್ಟಿ ಮ್ಯಾಲ ನಾನ ಹೊಡ್ಕೊಂಡಂಗ, ಆದ್ರೂ ಹೇಳ್ತೀನಿ. ಗುಳಿಗಿ ಪಟ್ಟಿ ಹಿಂದ ದೊಡ್ಡ ಹೆಸರು ಬಿಟ್ಟು ಅದ್ರ ಜೊತಿಗೆ ಬರದಿರೋ ಔಷಧಿ ಹೆಸರು ಓದ್ರಿ, ಆಮ್ಲೋಡಿಪಿನ್, ಮೆಟ್‌ಫಾರ್ಮಿನ್, ಅಟೋರ್ವಾಸ್ಟಾಟಿನ್ ಅಂತ ಇರ್ತದ. ಅದ ಔಷಧಿ ಅಷ್ಟ ಮಿಲಿಗ್ರಾಂ ಜನೌಷಧಿ ಕೇಂದ್ರದಾಗ ಬ್ರಾಂಡಿನ ಅರ್ಧಕ್ಕಿಂತ ಕಡಿಮಿ ರೇಟಿಗೆ ಸಿಗ್ತದ, ಎಷ್ಟೋ ಸಲ ಹತ್ತರಾಗ ಒಂದು ಪಾಲಿಗೆ. ಫಿಟ್ಸ್ ಗುಳಿಗಿ, ಥೈರಾಯ್ಡ್ ಗುಳಿಗಿ, ರಕ್ತ ತೆಳು ಮಾಡೋ ಗುಳಿಗಿ ಇವನ್ನ ಬದಲಿ ಮಾಡೋದಾದ್ರ ಡಾಕ್ಟ್ರಿಗೆ ಹೇಳಿ ಮಾಡ್ರಿ. ಸ್ಟೆಂಟು, ಮೊಣಕಾಲಿನ ಸಾಮಾನಿಗೆ ಸರ್ಕಾರ ಬೆಲಿ ಕಟ್ಟೈತಿ. 2017ರ ಫೆಬ್ರವರ್ಯಾಗ ಔಷಧಿ ಲೇಪದ ಸ್ಟೆಂಟಿಗೆ 29,600 ಅಂತ ಕಟ್ಟಿದ್ರು, ಅದ ವರ್ಷ ಆಗಸ್ಟಿನ್ಯಾಗ ಹೆಚ್ಚು ಬಳಸೋ ಕೋಬಾಲ್ಟ್ ಕ್ರೋಮಿಯಂ ಮೊಣಕಾಲಿಗೆ 54,720. ಆಮ್ಯಾಲ ಆಗಾಗ ಪರಿಷ್ಕರಣಿ ಆಗೈತಿ, ಜಿಎಸ್‌ಟಿ ಬ್ಯಾರೆ. ಎಸ್ಟಿಮೇಟ್ ಕೊಟ್ಟಾಗ ಸಾಮಾನಿನ ರೇಟು, ರೂಂ, ಡಾಕ್ಟ್ರ ಫೀ ಬಿಡಿ ಬಿಡಿ ಬರದು ಕೊಡ್ರಿ ಅನ್ರಿ. ಒಟ್ಟು ಒಂದ ಅಂಕಿ ಕೊಟ್ರ ತಾಳಿ ಹಾಕಾಕ ಬರಂಗಿಲ್ಲ.

ಹೆಜ್ಜಿ 7: ಒಂದು ಅಂಕಿ ಕೆಡಿಸಿ ನೋಡ್ರಿ

ಲೆಕ್ಕ ಮುಗೀತು ಅಂತ ಪುಸ್ತಕ ಮುಚ್ಚಬ್ಯಾಡ್ರಿ. ನೀವು ಹಿಡಿದ ಅಂಕ್ಯಾಗ ಎಲ್ಲಕ್ಕಿಂತ ಡೌಟು ಯಾವುದರ ಮ್ಯಾಲ ಐತಿ, ಅದನ್ನ ಅಷ್ಟ ಬದಲಿಸಿ ಮತ್ತ ಹಾಕ್ರಿ. ಹೆಣ್ಮಗಳ ಮೊಣಕಾಲು 0.7 ಬದ್ಲಿ 0.6 ಆದ್ರ? ಹೆಚ್ಚಿಗಿ 1 ಗಟ್ಟಿ ವರ್ಷ, 1,50,000 ಬೀಳ್ತದ, ಇನ್ನೂ ಗೆರಿ ಒಳಗ. 0.55 ಆದ್ರ 3 ಲಕ್ಷ, ಗೆರಿ ಹೊರಗ. ಅಂದ್ರ ಇಡೀ ನಿರ್ಧಾರ ಆಪರೇಷನ್ ಆದ ಮ್ಯಾಲ ಎಷ್ಟು ಚಲೋ ನಡೀತಾಳ ಅನ್ನೋದ್ರ ಮ್ಯಾಲ ನಿಂತೈತಿ, ಹಂಗಾದ್ರ ರೊಕ್ಕ ಚೌಕಾಸಿ ಮಾಡೋದಕ್ಕಿಂತ ಆ ಡಾಕ್ಟ್ರ ಹತ್ರ ಮಾಡಿಸ್ಕೊಂಡ ನಾಕು ಮಂದಿಯನ್ನ ಕಂಡು ಮಾತಾಡೋದು, ಆಮ್ಯಾಲಿನ ವ್ಯಾಯಾಮಕ್ಕ ಫಿಸಿಯೋದವ್ರು ನಮ್ಮ ಊರಿಗೆ ಹತ್ರ ಸಿಗ್ತಾರೇನು ನೋಡೋದು ಮುಖ್ಯ.

ಪಂಚಾಯ್ತಿ, ದವಾಖಾನಿ ಸಮಿತ್ಯಾಗ ಇದ್ದವ್ರಿಗೆ

ನಿಮ್ಮ ಲೆಕ್ಕ ಒಂದು ಮನಿದಲ್ಲ, ಇಡೀ ಊರಿಂದು, ಹಂಗಾಗಿ ಇಲ್ಲೆ ಉಳಿಸಿದ ರೊಕ್ಕ ಇನ್ನೊಬ್ರ ಚಿಕಿತ್ಸೆ ಆಗ್ತದ. ನಾಯಿ ಕಡತದ ಸೂಜಿ ನೋಡ್ರಿ. ಹಳೆ ಪದ್ಧತ್ಯಾಗ ತೋಳಿನ ಸ್ನಾಯುವಿಗೆ ಐದು ಸಲ, ಐದು ವೈಲ್, ಅಂದ್ರ ಐದು ಔಷಧಿ ಸೀಸೆ, ಒಬ್ರಿಗೆ. ಚರ್ಮದೊಳಗ ಕೊಡೋ ಪದ್ಧತ್ಯಾಗ 0, 3, 7, 28ನೇ ದಿನ, ಎರಡು ಕಡಿ 0.1 ಮಿಲಿಯಂಗ, ಒಟ್ಟು 0.8 ಮಿಲಿ. ರಕ್ಷಣಿ ಕಡಿಮಿ ಆಗಂಗಿಲ್ಲ. 1 ಮಿಲಿ ವೈಲ್ ಆದ್ರ ಒಬ್ರ ಪೂರಾ ಕೋರ್ಸಿಗೆ ಒಂದು ವೈಲೂ ಮುಗಿಯಂಗಿಲ್ಲ. ಆದ್ರ ಒಡದ ವೈಲ್ ಅದ ದಿನ ಬಳಸ್ಬೇಕು, ದಿನಕ್ಕ ಒಬ್ರ ಬರೋ ಸಣ್ಣ ಕೇಂದ್ರದಾಗ ಉಳಿದಿದ್ದು ಚೆಲ್ಲಿ ಹೋಗ್ತದ, ಹಂಗಾಗಿ ಹತ್ತು ಮಂದಿ ಬರೋ ತಾಲೂಕು ದವಾಖಾನ್ಯಾಗ ಇದ್ರ ಲಾಭ ಪೂರಾ ಸಿಗ್ತದ.

ಇನ್ನೊಂದು ನೀರು. ನಮ್ಮ ಮೂರೂ ಜಿಲ್ಲೆದಾಗ ಫ್ಲೋರೈಡ್ ಇರೋ ಬೋರ್‌ವೆಲ್ ಬಾಳ. ಕುಡಿಯೋ ನೀರಿನ್ಯಾಗ ಲೀಟರಿಗೆ 1 ಮಿಲಿಗ್ರಾಂ ಒಳಗ ಇರ್ಬೇಕು, ಬ್ಯಾರೆ ದಾರಿ ಇಲ್ಲಂದ್ರ 1.5 ತನಕ. ಎಲುಬಿಗೆ ಫ್ಲೋರೋಸಿಸ್ ಇಳದು ಬೆನ್ನು ಬಾಗಿದ ಮ್ಯಾಲ ಅದನ್ನ ಹಿಂದಕ ತರೋ ಔಷಧಿ ಇಲ್ಲ, ನಾ ಮಾರೋದು ಬರೇ ನೋವಿನ ಗುಳಿಗಿ. ಕೆಟ್ಟು ನಿಂತ ಶುದ್ಧ ನೀರಿನ ಘಟಕಕ್ಕ ಒಂದು ಮೆಂಬ್ರೇನ್ (ನೀರು ಸೋಸೋ ಪೊರಿ) ಹಾಕ್ಸೋದನ್ನ ಆರೋಗ್ಯದ ಖರ್ಚು ಅಂತ ಬರೀರಿ, ಆವಾಗ ಅದ್ರ ಮುಂದ ಯಾವ ಕ್ಯಾಂಪಿನ ಬಿಲ್ಲೂ ನಿಲ್ಲಂಗಿಲ್ಲ.

ಆ ಹಿರ್ಯಾರ ಚೀಟಿ ಅಲ್ಲೇ ಉಳೀತು ನೋಡ್ರಿ. ಐದು ಐಟಂದಾಗ ಬಿಪಿ ಗುಳಿಗಿ, ಶುಗರ್ ಗುಳಿಗಿ, ಗ್ಯಾಸಿನ ಗುಳಿಗಿ, ವಿಟಮಿನ್ ಸಿರಪ್ಪು, ಪ್ರೋಟೀನ್ ಪೌಡರ್ ಡಬ್ಬಿ. ನನ್ನಷ್ಟಕ್ಕ ನಾ ತಗದು ಹಾಕಂಗಿಲ್ಲ, ಡಾಕ್ಟ್ರಿಗೆ ಫೋನ್ ಹಚ್ಚಿದೆ, ಆರ್ನೂರ ಅದಾವಂತ್ರಿ ಸಾರ್ ಅಂದೆ. ಅವ್ರು ಒಂದು ಉಸಿರಿನ್ಯಾಗ "ಬಿಪಿ ಶುಗರ್ ಒಂದಿನನೂ ತಪ್ಪಬಾರ್ದು, ಉಳಿದಿದ್ದು ಬಿಡು, ಪೌಡರ್ ಬದ್ಲಿ ಶೇಂಗಾ, ಮೊಳಕಿ ಹೆಸರು ತಿನ್ನಂತ ಹೇಳು" ಅಂದ್ರು. ಬಿಪಿ ಶುಗರ್ ಎರಡೂ ಕಂಪನಿ ಬ್ರಾಂಡಿಂದು ಬಿಟ್ಟು ಜನರಿಕ್‌ದಾಗ ಕಟ್ಟಿದೆ, ಎರಡು ತಿಂಗಳದ್ದು, 210 ಆತು.

ಹಿರ್ಯಾರು ಚಿಲ್ರಿ ಎರಡು ಸಲ ಎಣಿಸಿದ್ರು. ಆಮ್ಯಾಲ ಚೀಲದಾಗ ಕೈ ಹಾಕಿ ಹೋದ ತಿಂಗಳದ ಪೌಡರ್ ಡಬ್ಬಿ ತಗದು ಕೌಂಟರ್ ಮ್ಯಾಲ ಇಟ್ರು, ಅರ್ಧ ಹಂಗ ಇತ್ತು.

"ಹಂಗಾದ್ರ ಇದನ್ನ ವಾಪಸ್ ತಗೋತೀರೇನ್ರಿ ಅಣ್ಣಾರ?"

ಸೀಲ್ ಒಡದಿದ್ದು ತಗೊಳ್ಳಾಕ ಬರಂಗಿಲ್ಲ. ಅದನ್ನ ಅವ್ರಿಗೆ ಮಾರಿದಾಂವ ನಾನ ಇದ್ದೆ.